ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಮೈ ಯಾರ ಹೆಸರಿನಲ್ಲಿದೆ?

ಕಳೆದ ಸಂಚಿಕೆಯಲ್ಲಿ ‘ಆರ್ಫನ್ ಬ್ಲ್ಯಾಕ್’ ಎಂಬ ಕೆನಡಾದ ದೂರದರ್ಶನ ಧಾರಾವಾಹಿಯ ಪರಿಚಯ ಪ್ರಕಟವಾದ ಮೇಲೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. 2013ರಿಂದ 2017ರವರೆಗೆ 50 ಕಂತುಗಳಲ್ಲಿ ಪ್ರಸಾರವಾದ ಈ ಕಥೆಯನ್ನು ನೋಡದವರಿಗಾಗಿ ಎರಡು ಮಾತು. ಸಣ್ಣಪುಟ್ಟ ವಂಚನೆಗಳಿಂದ ದಿನ ದೂಡುತ್ತಿದ್ದ ಸಾರಾ ಎಂಬ ಯುವತಿ, ತನ್ನದೇ ಮುಖದ ಇನ್ನೊಬ್ಬ ಹೆಂಗಸು ನಿಲ್ದಾಣದಲ್ಲಿ ರೈಲಿನ ಮುಂದೆ ಹಾರಿ ಸಾಯುವುದನ್ನು ಕಾಣುತ್ತಾಳೆ. ಸತ್ತವಳ ಕೈಚೀಲ ಎತ್ತಿಕೊಂಡು ಅವಳ ಹೆಸರಿನಲ್ಲೇ ಬದುಕಲು ಹೊರಟಾಗ, ತಾವಿಬ್ಬರೂ ಪ್ರಯೋಗಾಲಯವೊಂದರ ತದ್ರೂಪು (ಕ್ಲೋನಿಂಗ್) ಯೋಜನೆಯಿಂದ ಹುಟ್ಟಿದವರೆಂದೂ, ತಮ್ಮಂಥವರು ಇನ್ನೂ ಅನೇಕರಿದ್ದಾರೆಂದೂ ಅವಳಿಗೆ ತಿಳಿಯುತ್ತದೆ. ಈ ಎಲ್ಲ ತದ್ರೂಪಿಗಳ ಪಾತ್ರವನ್ನು ಟಟಿಯಾನಾ ಮಸ್ಲಾನಿ ಎಂಬ ಒಬ್ಬಳೇ ನಟಿ ನಿರ್ವಹಿಸಿದ್ದಾಳೆ.

ಪ್ರಶ್ನೆ: ಮೊದಲ ಸರಣಿಯ ಕೊನೆಯಲ್ಲಿ ತದ್ರೂಪಿಗಳ ಡಿಎನ್‌ಎ ಒಳಗೇ ಪೇಟೆಂಟ್ ಬರೆದಿರುವುದು ಗೊತ್ತಾಗುತ್ತದೆ. ಜೀವಂತ ಮನುಷ್ಯರ ಮೇಲೆ ಪೇಟೆಂಟ್ ಪಡೆಯಲು ಯಾವ ಕಾನೂನಿನಲ್ಲಾದರೂ ಅವಕಾಶವಿದೆಯೇ? ಇಲ್ಲವಾದರೆ ಇಡೀ ಕಥೆಯ ಬುಡವೇ ಸಡಿಲವಲ್ಲವೇ?
— ಕಾನೂನು ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಕಾನೂನಿನ ದೃಷ್ಟಿಯಿಂದ ನಿಮ್ಮ ಸಂದೇಹ ಸರಿಯಾಗಿಯೇ ಇದೆ. ಅಮೆರಿಕವು 2011ರಲ್ಲಿ ತನ್ನ ಪೇಟೆಂಟ್ ಕಾನೂನನ್ನು ತಿದ್ದಿದಾಗ, ಮಾನವ ಜೀವಿಯನ್ನು ಒಳಗೊಳ್ಳುವ ಯಾವ ಹಕ್ಕೊತ್ತಾಯಕ್ಕೂ ಪೇಟೆಂಟ್ ನೀಡಕೂಡದೆಂದು ಸ್ಪಷ್ಟವಾಗಿ ಬರೆದುಕೊಂಡಿತು. ನಮ್ಮ 1970ರ ಪೇಟೆಂಟ್ ಅಧಿನಿಯಮದ 3ನೇ ಕಲಮು ನೈತಿಕತೆಗೆ ವಿರುದ್ಧವಾದುದನ್ನು, ನಿಸರ್ಗದಲ್ಲಿ ಇರುವ ಜೀವಿಯನ್ನು ಕಂಡುಹಿಡಿದದ್ದನ್ನು, ಸೂಕ್ಷ್ಮಜೀವಿಗಳನ್ನು ಬಿಟ್ಟು ಉಳಿದ ಸಸ್ಯ, ಪ್ರಾಣಿ ಹಾಗೂ ಅವುಗಳ ಭಾಗಗಳನ್ನು ಪೇಟೆಂಟ್‌ನಿಂದ ಹೊರಗಿಟ್ಟಿದೆ. ಇನ್ನೊಂದು ಮಾತು: ಪೇಟೆಂಟ್‌ಗೆ ಆಯುಷ್ಯವಿರುತ್ತದೆ, ಈಗ ಹೆಚ್ಚಿನ ದೇಶಗಳಲ್ಲಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಕಥೆಯ ತದ್ರೂಪಿಗಳು ಹುಟ್ಟಿದ್ದು 1984ರಲ್ಲಿ. ನ್ಯಾಯಾಲಯಕ್ಕೆ ಹೋಗಿದ್ದರೆ ವಕೀಲರೊಬ್ಬರು ಅವಧಿ ತೀರಿದೆ ಎಂಬ ಒಂದೇ ವಾದದ ಮೇಲೆ ಪ್ರಕರಣವನ್ನು ಮುಗಿಸಿಬಿಡಬಹುದಿತ್ತು!

ಆದರೆ ಆ ಕಂತು ಪ್ರಸಾರವಾದ ಕಾಲವನ್ನು ಗಮನಿಸಿ. ಅದು ಬಂದದ್ದು 2013ರ ಜೂನ್ 1ರಂದು. ಅದಾದ 12 ದಿನಗಳಿಗೆ, ಜೂನ್ 13ರಂದು, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಎರಡು ವಂಶವಾಹಿಗಳ ಪ್ರಕರಣದಲ್ಲಿ ತೀರ್ಪು ನೀಡಿತು. ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪನಿ ಈ ವಂಶವಾಹಿಗಳನ್ನು ಗುರುತಿಸಿ, ದೇಹದಿಂದ ಬೇರ್ಪಡಿಸಿ, ಅವುಗಳ ಮೇಲೆ ಪೇಟೆಂಟ್ ಪಡೆದಿತ್ತು. ನಿಸರ್ಗದಲ್ಲಿ ಇರುವ ಡಿಎನ್‌ಎ ತುಣುಕನ್ನು ಕೇವಲ ಬೇರ್ಪಡಿಸಿದ ಮಾತ್ರಕ್ಕೆ ಅದು ಯಾರ ಆವಿಷ್ಕಾರವೂ ಆಗುವುದಿಲ್ಲ, ಆದರೆ ಪ್ರಯೋಗಾಲಯದಲ್ಲಿ ಹೊಸದಾಗಿ ರಚಿಸಿದ ಪೂರಕ ಡಿಎನ್‌ಎಗೆ ಪೇಟೆಂಟ್ ಸಿಗಬಹುದು ಎಂದು ನ್ಯಾಯಾಲಯ ಹೇಳಿತು. ಅಂದರೆ ತದ್ರೂಪಿಗಳ ಮೈಯಲ್ಲಿ ಕಂಪನಿ ಕೃತಕವಾಗಿ ಹೆಣೆದು ಸೇರಿಸಿದ ಅಕ್ಷರಮಾಲೆ ‘ಮಾಡಿದ್ದು’, ಉಳಿದದ್ದೆಲ್ಲ ‘ಇದ್ದದ್ದು’. ಈ ಗೆರೆಯ ಯಾವ ಬದಿಗೆ ತದ್ರೂಪಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಧಾರಾವಾಹಿಯ ಲೇಖಕರು ಗಾಳಿಯಿಂದ ಹಿಡಿದು ತಂದಿರಲಿಲ್ಲ.

ಇನ್ನು ಬುಡ ಸಡಿಲವೇ ಎಂಬುದು. ನನ್ನ ಅಭಿಪ್ರಾಯದಲ್ಲಿ ಅಲ್ಲ, ಏಕೆಂದರೆ ಆ ಹೆಂಗಸರನ್ನು ಹಿಡಿದಿಟ್ಟಿರುವುದು ಪೇಟೆಂಟ್ ಅಲ್ಲ. ತದ್ರೂಪಿಗಳಲ್ಲೊಬ್ಬಳಾದ ವಿಜ್ಞಾನದ ವಿದ್ಯಾರ್ಥಿನಿ ಕೊಸಿಮಾಗೆ ಕಾಯಿಲೆ ಬಂದಿದೆ, ಅದಕ್ಕೆ ಬೇಕಾದ ಪ್ರಯೋಗಾಲಯ ಮತ್ತು ಮೂಲ ದಾಖಲೆಗಳು ಇರುವುದು ಅವಳನ್ನು ಸೃಷ್ಟಿಸಿದ ಸಂಸ್ಥೆಯ ಕೈಯಲ್ಲಿ. ಸಾರಾಗೆ ಮಗಳಿದ್ದಾಳೆ, ಆ ಮಗಳ ಮೇಲೂ ಸಂಸ್ಥೆಯ ಕಣ್ಣಿದೆ. ಸಂಸ್ಥೆ ಅವರ ಮುಂದೆ ಕರಾರು ಪತ್ರವಿಟ್ಟು, ಸಹಿ ಮಾಡಿದರೆ ನಿಮ್ಮನ್ನು ನಿಮ್ಮ ಪಾಡಿಗೆ ಬಿಡುತ್ತೇವೆ ಎನ್ನುತ್ತದೆ. ಕಾನೂನಿನಲ್ಲಿ ಊರ್ಜಿತವಾಗದ ಕಾಗದವೂ ಔಷಧಿ ಬೇಕಾದವಳ ಮುಂದೆ, ಮಗುವಿನ ಭಯವಿರುವವಳ ಮುಂದೆ ಎಷ್ಟು ಬಲವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಕಾನೂನು ಓದುವ ನೀವು ಮುಂದೆ ಕಚೇರಿಗಳಲ್ಲಿ ಪ್ರತಿದಿನ ಕಾಣಲಿದ್ದೀರಿ.

ಪ್ರಶ್ನೆ: ಶರಣು. ನಾನು ಹತ್ತಿ, ತೊಗರಿ ಬೆಳೆಯುವವನು. ಆ ಪೇಟೆಂಟ್ ಬರಹದಲ್ಲಿ ‘ಈ ಜೀವಿ ಮತ್ತು ಇದರಿಂದ ಹುಟ್ಟುವ ವಂಶದ್ರವ್ಯ’ ಎಲ್ಲವೂ ಕಂಪನಿಯ ಸ್ವತ್ತು ಎಂದು ಇರುವುದಾಗಿ ನಿಮ್ಮ ಪರಿಚಯ ಲೇಖನದಲ್ಲಿ ಓದಿದೆ. ಇದು ನಮ್ಮ ಬೀಜದ ತಕರಾರಿನ ಹಾಗೆಯೇ ಕಾಣುತ್ತದೆ. ಹೌದೋ ಅಲ್ಲವೋ?
— ರೈತರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಶರಣು. ಹೌದು, ಮತ್ತು ನೀವು ಊಹಿಸಿರುವುದಕ್ಕಿಂತ ಹೆಚ್ಚು ಹತ್ತಿರದ ಹೋಲಿಕೆ ಇದು. ಮೇಲೆ ಹೇಳಿದ ಕಂತು ಬರುವ ಕೆಲವೇ ದಿನ ಮೊದಲು, 2013ರ ಮೇ 13ರಂದು, ಅದೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಂದು ಸೋಯಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಇಂಡಿಯಾನಾ ರಾಜ್ಯದ ರೈತನೊಬ್ಬ ಧಾನ್ಯದ ಗೋದಾಮಿನಿಂದ ಸೋಯಾ ಕಾಳು ಕೊಂಡು ಬಿತ್ತಿ, ಕಳೆನಾಶಕಕ್ಕೆ ಜಗ್ಗದ ಗಿಡಗಳ ಕಾಳನ್ನು ಉಳಿಸಿಕೊಂಡು ಮತ್ತೆ ಬಿತ್ತಿದ್ದ. ಕಾಳು ಕೊಂಡವನಿಗೆ ಅದನ್ನು ತಿನ್ನುವ, ಮಾರುವ ಹಕ್ಕುಂಟು, ಆದರೆ ಪೇಟೆಂಟ್ ಇರುವ ಗುಣವನ್ನು ಬಿತ್ತಿ ಪ್ರತಿ ಮಾಡುವ ಹಕ್ಕಿಲ್ಲ ಎಂದು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅಂದರೆ ಹಕ್ಕುದಾರಿಕೆ ಬೀಜದಿಂದ ಬೀಜದ ಸಂತತಿಗೆ ಹರಿಯಿತು. ಧಾರಾವಾಹಿಯಲ್ಲಿ ಸಾರಾಳ ಎದೆ ಧಸಕ್ಕೆಂದದ್ದು ಈ ಕಾರಣಕ್ಕೇ. ತನ್ನ ಮೈಯ ಮಾತು ಹಾಗಿರಲಿ, ತಾನು ಹೆತ್ತ ಕೀರಾ ಎಂಬ ಹುಡುಗಿಯೂ ಆ ಒಂದು ಸಾಲಿನೊಳಗೆ ಸೇರಿಹೋಗುತ್ತಾಳೆ.

ನಮ್ಮಲ್ಲಿ ವ್ಯವಸ್ಥೆ ಬೇರೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಅಧಿನಿಯಮದ ಪ್ರಕಾರ ರೈತರು ತಮ್ಮ ಹೊಲದ ಬೀಜವನ್ನು ಉಳಿಸಬಹುದು, ಮತ್ತೆ ಬಿತ್ತಬಹುದು, ಬದಲಿಸಿಕೊಳ್ಳಬಹುದು, ಬ್ರಾಂಡಿನ ಹೆಸರು ಹಾಕದೆ ಮಾರಲೂಬಹುದು. ಹಾಗಿದ್ದರೂ 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ಬಂದದ್ದು ಸಂಕರ ತಳಿಯ ರೂಪದಲ್ಲಿ. ಅದರ ಬೀಜ ತೆಗೆದಿಟ್ಟು ಬಿತ್ತಿದರೆ ಮರುವರ್ಷ ಅದೇ ಗುಣ ಒಂದೇ ಸಮನಾಗಿ ಬರುವುದಿಲ್ಲವಾದ್ದರಿಂದ, ಕಾನೂನು ಬಿಟ್ಟುಕೊಟ್ಟ ಹಕ್ಕನ್ನು ಬೀಜದ ಸ್ವಭಾವವೇ ಹಿಂದಕ್ಕೆ ಪಡೆಯಿತು. ಕಥೆಯ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ತದ್ರೂಪಿಗಳಿಗೆ ಸಂತಾನವಾಗದಂತೆ ಅವರ ವಂಶವಾಹಿಯಲ್ಲೇ ತಡೆ ಹಾಕಿಟ್ಟರು. ಆ ತಡೆಯೇ ಮುಂದೆ ಗರ್ಭಕೋಶದಿಂದ ಶ್ವಾಸಕೋಶಕ್ಕೆ ಹಬ್ಬುವ ಕಾಯಿಲೆಯಾಯಿತು. ಸಾರಾ ಮತ್ತು ಅವಳ ಅವಳಿ ಹೆಲೆನಾ ಮಾತ್ರ ಅದನ್ನು ತಪ್ಪಿಸಿಕೊಂಡವರು. ಆದರೆ ಹೋಲಿಕೆ ಇಲ್ಲಿಗೆ ಸಾಕು. ಕಾಳಿಗೆ ‘ಒಲ್ಲೆ’ ಎನ್ನುವ ಬಾಯಿಲ್ಲ, ಸಾರಾಗೆ ಇದೆ.

ಪ್ರಶ್ನೆ: ರಕ್ತಬೀಜಾಸುರನ ಒಂದೊಂದು ಹನಿಗೆ ಒಬ್ಬೊಬ್ಬ ಅಸುರ, ಗಾಂಧಾರಿಯ ಕೊಡಗಳಲ್ಲಿ ನೂರು ಮಕ್ಕಳು. ತದ್ರೂಪು ಸೃಷ್ಟಿ ನಮಗೆ ಹೊಸದೇನಲ್ಲ ಎನ್ನಬಹುದಲ್ಲವೇ? ಮತ್ತೊಂದು: ತದ್ರೂಪಿಗಳಿಗೆ ಆಧಾರ್ ಮಾಡಿಸಿದರೆ ಎಲ್ಲರಿಗೂ ಒಂದೇ ಸಂಖ್ಯೆ ಬರುತ್ತದೆಯೇ?
— ಪ್ರೌಢಶಾಲೆಯ ಶಿಕ್ಷಕರು, ಬೀದರ್

ಉತ್ತರ: ಮೊದಲನೆಯದಕ್ಕೆ: ಪುರಾಣ ಪುರಾಣವಾಗಿಯೇ ಚೆನ್ನಾಗಿದೆ, ಅದನ್ನು ಪ್ರಯೋಗಾಲಯಕ್ಕೆ ಎಳೆದು ತರುವುದರಿಂದ ಎರಡಕ್ಕೂ ಲಾಭವಿಲ್ಲ.

ಎರಡನೆಯದು ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಬರುವುದಿಲ್ಲ. ಒಂದೇ ಭ್ರೂಣದಿಂದ ಒಡೆದ ಅವಳಿ ಮಕ್ಕಳ ಡಿಎನ್‌ಎ ಬಹುಪಾಲು ಒಂದೇ ಇದ್ದರೂ ಬೆರಳಚ್ಚು ಬೇರೆ, ಕಣ್ಣಿನ ಪಾಪೆಯ ವಿನ್ಯಾಸವೂ ಬೇರೆ. ಬೆರಳ ತುದಿಯ ಗೆರೆಗಳು ಮೂಡುವುದು ಗರ್ಭದೊಳಗೆ, ಅಲ್ಲಿನ ಒತ್ತಡ, ಬೆರಳಿನ ಬೆಳವಣಿಗೆಯ ವೇಗ ಮುಂತಾದ ಆಕಸ್ಮಿಕಗಳಿಗೆ ಸಿಕ್ಕಿ. ಬೇರೆ ಬೇರೆ ತಾಯಂದಿರ ಹೊಟ್ಟೆಯಲ್ಲಿ ಬೆಳೆದ ತದ್ರೂಪಿಗಳಲ್ಲಿ ಈ ವ್ಯತ್ಯಾಸ ಇದ್ದೇ ಇರುತ್ತದೆ. ಹೀಗಾಗಿ ಆಧಾರ್ ಕೇಂದ್ರದ ಯಂತ್ರಕ್ಕೆ ಅವರು ಬೇರೆ ಬೇರೆ ವ್ಯಕ್ತಿಗಳೇ. ಕಲ್ಲು ಹೊತ್ತು, ಕಳೆ ಕಿತ್ತು ಬೆರಳು ಸವೆದ ನಮ್ಮ ಹಿರಿಯರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಹತ್ತದಿರುವುದನ್ನು ನೋಡಿದರೆ, ಯಂತ್ರಕ್ಕೆ ತದ್ರೂಪಿಗಳಿಗಿಂತ ಇವರೇ ದೊಡ್ಡ ಸಮಸ್ಯೆ ಎನಿಸುತ್ತದೆ.

ಮುಖಚರ್ಯೆಯೂ ಪಡಿಯಚ್ಚಾಗಬೇಕಿಲ್ಲ. 2001ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿನ ಮೈಬಣ್ಣ, ಜೀವಕೋಶ ಕೊಟ್ಟ ಮೂರು ಬಣ್ಣದ ಬೆಕ್ಕಿನ ಬಣ್ಣದಂತಿರಲಿಲ್ಲ. ಹೆಣ್ಣು ಜೀವಿಯ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಸುಮ್ಮನಾಗುತ್ತದೆ, ಬೆಕ್ಕಿನ ತುಪ್ಪಳದ ಬಣ್ಣ ಅದನ್ನು ಅವಲಂಬಿಸುತ್ತದೆ. ಅದೂ ಅಲ್ಲದೆ ಅಂಡಾಣುವಿನಲ್ಲಿರುವ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಡಿಎನ್‌ಎ ಆ ಅಂಡಾಣು ಕೊಟ್ಟ ಬೇರೊಬ್ಬಳದು.

ಗುರುತಿನ ಪ್ರಶ್ನೆಗೆ ಧಾರಾವಾಹಿ ಕೊಟ್ಟ ಅತ್ಯುತ್ತಮ ಉತ್ತರ ಮಾತ್ರ ವಿಜ್ಞಾನದ್ದಲ್ಲ, ಅಭಿನಯದ್ದು. ಶಿಸ್ತಿನ ಗೃಹಿಣಿ ಆಲಿಸನ್ ಸಾರಾಳಂತೆ ವೇಷ ಹಾಕಬೇಕಾಗುತ್ತದೆ, ಸಾರಾ ಆಲಿಸನ್ ಆಗಬೇಕಾಗುತ್ತದೆ. ಮುಖ ಒಂದೇ, ನಟಿಯೂ ಒಬ್ಬಳೇ. ಆದರೂ ಸಾರಾಳ ಕಪ್ಪು ಅಂಗಿಯೊಳಗಿನಿಂದ ಆಲಿಸನ್‌ಳ ಬಿಗಿದ ಭುಜ, ಆಲಿಸನ್‌ಳ ಜುಟ್ಟಿನ ಕೆಳಗಿನಿಂದ ಸಾರಾಳ ಒರಟು ನೋಟ ಹೊರಗಿಣುಕುತ್ತವೆ. ನೋಡುವವರಿಗೆ ಕ್ಷಣಮಾತ್ರದಲ್ಲಿ ಯಾರು ಯಾರೆಂದು ಗೊತ್ತಾಗುತ್ತದೆ. ವಂಶವಾಹಿ ಒಂದಾದರೆ ಮನುಷ್ಯ ಒಂದಾಗುವುದಿಲ್ಲವೆಂದು ವಾದ ಮಾಡಿ ಒಪ್ಪಿಸುವ ಬದಲು ಕಣ್ಣೆದುರಿಗೆ ಮಾಡಿ ತೋರಿಸಿದ್ದಕ್ಕೇ 2016ರಲ್ಲಿ ಮಸ್ಲಾನಿಗೆ ಎಮ್ಮಿ ಪ್ರಶಸ್ತಿ ಬಂದದ್ದು ಎಂದು ನಾನು ಭಾವಿಸಿದ್ದೇನೆ.

ಪ್ರಶ್ನೆ: ಇಲ್ಲದ ತದ್ರೂಪಿ ಮನುಷ್ಯರ ಬಗ್ಗೆ ಇಷ್ಟು ಪುಟ ಖರ್ಚು ಮಾಡಬೇಕೇ?
— ನಿವೃತ್ತ ನೌಕರರು, ಹುಮನಾಬಾದ್

ಉತ್ತರ: ಮನುಷ್ಯರ ತದ್ರೂಪು ಹುಟ್ಟಿಸಿದ ದೃಢಪಟ್ಟ ಉದಾಹರಣೆ ಇಲ್ಲವೆಂಬುದು ನಿಜ. 1996ರ ಜುಲೈ 5ರಂದು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿ ಕುರಿಗೆ 277 ಪ್ರಯತ್ನಗಳು ಬೇಕಾದವು, 2009ರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಗರಿಮಾ ಎಂಬ ಎಮ್ಮೆಗರು ಹುಟ್ಟಿತು, 2018ರಲ್ಲಿ ಚೀನಾ ಎರಡು ಕೋತಿಮರಿಗಳನ್ನು ತೋರಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಮಾನವ ತದ್ರೂಪು ಸೃಷ್ಟಿಯನ್ನು ನಿಷೇಧಿಸಿದೆ. ಇಷ್ಟಕ್ಕೇ ವಿಷಯ ಮುಗಿಯುವಂತಿದ್ದರೆ ನಾವೂ ಪುಟ ಉಳಿಸುತ್ತಿದ್ದೆವು. ಮುಂದಿನ ಪತ್ರವನ್ನು ದಯವಿಟ್ಟು ಓದಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಮಗಳು ಮೊಬೈಲಿನಲ್ಲಿ ಈ ಧಾರಾವಾಹಿ ನೋಡುತ್ತಾ ನನಗೆ ಕಥೆ ಹೇಳುತ್ತಾಳೆ. ಮಲಗಿದ ಹೆಂಗಸಿನ ಮೈಗೆ ರಾತ್ರಿ ಡಾಕ್ಟರುಗಳು ಬಂದು ತಂತಿ ಹಚ್ಚಿ ಪರೀಕ್ಷೆ ಮಾಡಿ ಹೋಗುವುದನ್ನು ಹೇಳಿದಾಗ ನನಗೆ ನಮ್ಮ ತಾಂಡಾಗಳ ನೆನಪಾಯಿತು. ಗರ್ಭಚೀಲ ತೆಗೆಸಿಕೊಂಡ ಒಬ್ಬ ಅಕ್ಕನನ್ನು ಯಾಕೆ ತೆಗೆಸಿದಿರಿ ಎಂದು ಕೇಳಿದರೆ, “ಡಾಕ್ಟರ್ ತೆಗೀಬೇಕಂದ್ರು, ಮನ್ಯಾಗ ಹೂಂ ಅಂದ್ರು, ನಾ ಹೆಬ್ಬಟ್ಟ ಒತ್ತಿದೆ” ಎಂದಳು. ಇಂಥ ಹೆಬ್ಬೆಟ್ಟಿಗೆ ಬೆಲೆ ಇದೆಯೇ? ಗಂಡನ ಸಹಿ ಬೇಕೇಬೇಕೇ?
— ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಅಕ್ಕಾವರೇ, ಈ ಸಂಚಿಕೆಯ ಮುಖ್ಯ ಪತ್ರ ನಿಮ್ಮದು. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರಿಗೆ, ಅನೇಕರು ಇನ್ನೂ ಸಣ್ಣ ವಯಸ್ಸಿನವರು, ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಪ್ರಕರಣಗಳು ಕೆಲವು ವರ್ಷಗಳ ಹಿಂದೆ ಬೆಳಕಿಗೆ ಬಂದು, ಆ ಹೆಂಗಸರೇ ಬೀದಿಗಿಳಿದು ನ್ಯಾಯ ಕೇಳಿದ್ದು, ಸರ್ಕಾರ ತನಿಖೆಗೆ ಸಮಿತಿ ನೇಮಿಸಿದ್ದು ಈ ಭಾಗದ ಓದುಗರಿಗೆ ತಿಳಿದ ಸಂಗತಿ. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರ್ ಆದೀತೆಂಬ ಭಯ ಹುಟ್ಟಿಸಿದರೆ, ಆಮೇಲೆ ಸಮ್ಮತಿಯನ್ನು ಕಿತ್ತುಕೊಳ್ಳುವ ಅಗತ್ಯವೇ ಬೀಳುವುದಿಲ್ಲ, ಅದು ತಾನಾಗಿ ಬರುತ್ತದೆ.

ಕಾನೂನು ಏನೆನ್ನುತ್ತದೆ? 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ಧರಿಸಿದ ಒಂದು ಪ್ರಕರಣ ನಿಮ್ಮ ಪ್ರಶ್ನೆಗೆ ನೇರ ಉತ್ತರ. 44 ವರ್ಷದ ಮಹಿಳೆಯೊಬ್ಬರು ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ ಒಪ್ಪಿ ಸಹಿ ಮಾಡಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ವೈದ್ಯರು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದರು. ರೋಗಿ ವಯಸ್ಕಳು, ಎಚ್ಚರಾದ ಮೇಲೆ ಅವಳನ್ನೇ ಕೇಳಬಹುದಿತ್ತು, ಪ್ರಾಣಾಪಾಯದ ತುರ್ತು ಇರಲಿಲ್ಲ, ಆದ್ದರಿಂದ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನ್ಯಾಯಾಲಯ ಹೇಳಿತು. ಪರೀಕ್ಷೆಗೆ ಕೊಟ್ಟ ಸಮ್ಮತಿಯನ್ನು ಶಸ್ತ್ರಚಿಕಿತ್ಸೆಗೆ ಹಿಗ್ಗಿಸಲು ಬರುವುದಿಲ್ಲ ಎಂದೂ, ಸಮ್ಮತಿ ಪಡೆಯುವ ಮೊದಲು ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಅಪಾಯಗಳು, ಮಾಡಿಸದಿದ್ದರೆ ಆಗುವ ಪರಿಣಾಮ ಇವನ್ನು ರೋಗಿಗೆ ತಿಳಿಸಬೇಕೆಂದೂ ಅದು ವಿಧಿಸಿತು. ಪರಿಹಾರವೆಂದು ಕೊಡಿಸಿದ ಮೊತ್ತ 25,000 ರೂಪಾಯಿ. ತತ್ವ ದೊಡ್ಡದು, ಮೊತ್ತ ಚಿಕ್ಕದು. ಈ ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 2023ರ ಏಪ್ರಿಲ್‌ನಲ್ಲಿ, ಬಿಹಾರ, ಛತ್ತೀಸಗಢ ಮತ್ತು ರಾಜಸ್ಥಾನದ ಇಂಥವೇ ದೂರುಗಳನ್ನು ಆಲಿಸಿದ ಅದೇ ನ್ಯಾಯಾಲಯ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು.

ಹೀಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ: ವಯಸ್ಕ ಮಹಿಳೆಯ ಚಿಕಿತ್ಸೆಗೆ ಅವಳ ಸಮ್ಮತಿಯೇ ಸಮ್ಮತಿ. ಗರ್ಭಪಾತದ ಕಾನೂನಿನಲ್ಲೂ 18 ವರ್ಷ ತುಂಬಿದವಳಿಗೆ ಗಂಡನ ಸಹಿ ಬೇಕೆಂಬ ನಿಯಮವಿಲ್ಲ. ಆಸ್ಪತ್ರೆಯ ಮೇಜಿನ ಮೇಲಿರುವ ಆ ಇಂಗ್ಲಿಷ್ ನಮೂನೆಯಲ್ಲಿ ‘ಗಂಡ ಅಥವಾ ಪಾಲಕ’ ಎಂಬ ಸಾಲು ಅಚ್ಚಾಗಿರುತ್ತದೆ, ನೀಲಿ ಶಾಯಿಯ ಪ್ಯಾಡನ್ನು ಪಕ್ಕದಲ್ಲೇ ತೆರೆದಿಟ್ಟಿರುತ್ತಾರೆ, ಸಿಬ್ಬಂದಿ ಬೆರಳು ಹಿಡಿದು ತಾವೇ ಒತ್ತಿಸುತ್ತಾರೆ. ಮೊದಲನೆಯ ಪ್ರಶ್ನೆಗೆ: ಓದಿ ಹೇಳದೆ ಒತ್ತಿಸಿಕೊಂಡ ಹೆಬ್ಬೆಟ್ಟು ತಿಳಿದು ಕೊಟ್ಟ ಸಮ್ಮತಿಯಾಗದು. ನಿಮ್ಮ ಜೊತೆ ಬಂದವರಿಗೆ ಎರಡು ವಿಷಯ ಕೇಳಲು ಕಲಿಸಿ: ಈ ಕಾಗದದಲ್ಲಿ ಏನಿದೆ ಎಂದು ಕನ್ನಡದಲ್ಲೋ ಲಂಬಾಣಿಯಲ್ಲೋ ಓದಿ ಹೇಳಿ ಎಂಬುದು ಒಂದು, ಇನ್ನೊಬ್ಬ ವೈದ್ಯರಿಗೆ ತೋರಿಸಿ ಬರುತ್ತೇನೆ ಎಂಬುದು ಇನ್ನೊಂದು. ವೈದ್ಯಕೀಯ ದಾಖಲೆಗಳ ಪ್ರತಿ ಕೇಳಿ ಪಡೆಯುವ ಹಕ್ಕೂ ರೋಗಿಗಿದೆ.

ನಿದ್ದೆಯಲ್ಲಿದ್ದವಳ ಪರೀಕ್ಷೆಯ ಬಗ್ಗೆ ಬರೆದಿದ್ದೀರಿ. ಕಥೆಯಲ್ಲಿ ಆ ವೈದ್ಯರನ್ನು ಮನೆಯೊಳಗೆ ಬಿಟ್ಟುಕೊಳ್ಳುವವನು ಅವಳ ಸಂಗಾತಿಯೇ. ಪ್ರತಿ ತದ್ರೂಪಿಯ ಮನೆಯಲ್ಲೂ ಸಂಸ್ಥೆಗೆ ವರದಿ ಒಪ್ಪಿಸುವ ಒಬ್ಬ ಆಪ್ತ ಇರುತ್ತಾನೆ. ಆಲಿಸನ್‌ಳ ಗಂಡನಿಗಂತೂ ತಾನು ಯಾವುದೋ ಸಮಾಜಶಾಸ್ತ್ರದ ಅಧ್ಯಯನಕ್ಕೆ ನೆರವಾಗುತ್ತಿದ್ದೇನೆ ಎಂಬ ನಂಬಿಕೆ. ‘ಮನ್ಯಾಗ ಹೂಂ ಅಂದ್ರು’ ಎಂಬ ಆ ಅಕ್ಕನ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮನೆಯವರು ಕೆಟ್ಟವರಾಗಿರಬೇಕಿಲ್ಲ, ಅವಳ ಬದಲು ಅವರು ಹೂಂ ಎಂದರೆ ಸಾಕೆಂದು ಎಲ್ಲರೂ ನಂಬಿದ್ದರೆ ಸಾಕಾಗುತ್ತದೆ. ನಮ್ಮ ರಾಜ್ಯದ್ದೇ ಆದ ಸೆಲ್ವಿ ಪ್ರಕರಣದಲ್ಲಿ, 2010ರ ಮೇ 5ರಂದು, ಆರೋಪಿಗೂ ಅವರ ಸಮ್ಮತಿಯಿಲ್ಲದೆ ಮದ್ದು ಕೊಟ್ಟು ಮಂಪರು ಪರೀಕ್ಷೆ ಮಾಡಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿಗೆ ಇರುವ ಹಕ್ಕು ರೋಗಿಗೆ ಇಲ್ಲದಿರುತ್ತದೆಯೇ?

ಪ್ರಶ್ನೆ: ಹೆಲೆನಾಳ ಅಂಡಾಣುಗಳನ್ನು ಅವಳಿಗೆ ತಿಳಿಯದಂತೆ ತೆಗೆದುಕೊಳ್ಳುವ ಭಾಗ ನೋಡಿ ಸಂಕಟವಾಯಿತು. ಇಲ್ಲಿ ಇದಕ್ಕೆ ಕಡಿವಾಣವಿದೆಯೇ? ಇನ್ನೊಂದು ಪ್ರಶ್ನೆ: ಬಾಲ್ಯದಿಂದಲೇ ತಾನು ತದ್ರೂಪಿ ಎಂದು ತಿಳಿದು ಬೆಳೆದ ರೇಚೆಲ್‌ಳಿಗೆ ಯಾರೂ ಏನನ್ನೂ ಮುಚ್ಚಿಡಲಿಲ್ಲ. ಹಾಗಿದ್ದರೆ ಅವಳೊಬ್ಬಳು ಸ್ವತಂತ್ರಳು ಎನ್ನಬಹುದೇ?
— ನರ್ಸಿಂಗ್ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಅಂಡಾಣು ದಾನಕ್ಕೆ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಅಧಿನಿಯಮ ಮಿತಿ ಹಾಕಿದೆ. ದಾನಿಗೆ 23ರಿಂದ 35 ವರ್ಷ ವಯಸ್ಸಾಗಿರಬೇಕು, ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ಲಿಖಿತ ಸಮ್ಮತಿ ಕಡ್ಡಾಯ. ಹೆಲೆನಾ ಪ್ರಸಂಗದ ಬಗ್ಗೆ ನನ್ನದೊಂದು ಆಕ್ಷೇಪವೂ ಇದೆ: ಸಂತಾನವಾಗುವ ಇಬ್ಬರನ್ನೇ ಕಥೆಯ ಪವಾಡಗಳಂತೆ ಚಿತ್ರಿಸಿ, ತಾಯ್ತನವನ್ನು ಸ್ವಾತಂತ್ರ್ಯದ ಮುದ್ರೆಯಂತೆ ಬಳಸಿಕೊಳ್ಳುವಲ್ಲಿ ಧಾರಾವಾಹಿ ತನ್ನ ವಾದವನ್ನು ತಾನೇ ಸ್ವಲ್ಪ ದುರ್ಬಲಗೊಳಿಸಿದೆ. ಬೇಡವೆನ್ನುವ ಹಕ್ಕೂ ಅಷ್ಟೇ ಮುಖ್ಯ.

ರೇಚೆಲ್ ವಿಷಯದಲ್ಲಿ ನಿಮ್ಮನ್ನು ಒಪ್ಪಲಾರೆ. ಅವಳಿಗೆ ಹುಟ್ಟಿನ ಗುಟ್ಟು ಗೊತ್ತಿತ್ತು, ಆದರೆ ತನ್ನ ಬಂಜೆತನ ಯೋಜಿತವೆಂಬುದು ಬೆಳೆದ ಮೇಲೆಯೇ ತಿಳಿದದ್ದು. ಸಂಸ್ಥೆಯ ಉನ್ನತ ಹುದ್ದೆ, ದೊಡ್ಡ ಕಚೇರಿ, ಇತರ ತದ್ರೂಪಿಗಳ ಮೇಲೆ ಅಧಿಕಾರ ಎಲ್ಲವೂ ಇದ್ದವು. ಕೊನೆಯ ಸರಣಿಯಲ್ಲಿ, ಇನ್ನು ನೀನು ನಮ್ಮ ಸ್ವತ್ತಲ್ಲ ಎಂಬ ಪತ್ರವೂ ಅವಳ ಕೈಗೆ ಬರುತ್ತದೆ. ಅದಾದ ಮೇಲೆ ಆ ಪತ್ರ ಕೊಟ್ಟವನ ಬಳಿಯ ಕಡತದಲ್ಲಿ ತನ್ನನ್ನು ಹೆಸರಿನಿಂದಲ್ಲ, ಪ್ರಯೋಗದ ಸಂಖ್ಯೆಯಿಂದ ನಮೂದಿಸಿರುವುದನ್ನು ಅವಳು ನೋಡುತ್ತಾಳೆ. ತನಗೆ ಜೋಡಿಸಿದ ಕೃತಕ ಕಣ್ಣು ತಾನು ಕಂಡದ್ದನ್ನೆಲ್ಲ ಅವನಿಗೆ ರವಾನಿಸುತ್ತಿದೆ ಎಂಬುದೂ ತಿಳಿಯುತ್ತದೆ. ಅವಳು ಆ ಕಣ್ಣನ್ನು ತಾನೇ ಕಿತ್ತು ಹಾಕುತ್ತಾಳೆ.

ಅವಳಿಗೆ ಮಾಹಿತಿ ಸಿಕ್ಕಿತ್ತು, ಆದರೆ ಎಷ್ಟು, ಯಾವಾಗ ಎಂಬುದನ್ನು ನಿರ್ಧರಿಸಿದವರು ಬೇರೆಯವರು. ಯಾವ ಹಂತದಲ್ಲೂ ‘ನಿನಗೆ ಒಪ್ಪಿಗೆಯೇ?’ ಎಂದು ಅವಳನ್ನು ಕೇಳಿದವರಿಲ್ಲ, ಬೇಡ ಎಂದಿದ್ದರೆ ನಿಲ್ಲಿಸುವವರೂ ಇರಲಿಲ್ಲ. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ, ತನ್ನ ದೇಹದ ಬಗ್ಗೆ ತಾನೇ ತೀರ್ಮಾನಿಸುವುದನ್ನೂ ತನ್ನ ಮಾಹಿತಿಯ ಮೇಲೆ ತನಗೆ ಹಿಡಿತವಿರುವುದನ್ನೂ ಅದೇ ಹಕ್ಕಿನೊಳಗೆ ಸೇರಿಸಿತು. ಈ ಎರಡರಲ್ಲಿ ಒಂದೂ ರೇಚೆಲ್‌ಳ ಬಳಿ ಇರಲಿಲ್ಲ. ನರ್ಸಿಂಗ್ ಓದುತ್ತಿರುವ ನೀವು ನಾಳೆ ವಾರ್ಡಿನಲ್ಲಿ ಸಮ್ಮತಿ ಪತ್ರ ಹಿಡಿದು ರೋಗಿಯ ಮುಂದೆ ನಿಲ್ಲುವವರು. ವಿವರ ಓದಿ ಹೇಳಿದ ಮೇಲೆ ಅವರು ‘ಬ್ಯಾಡ್ರಿ’ ಎಂದರೆ, ಅದನ್ನೂ ಕಡತದಲ್ಲಿ ಹಾಗೆಯೇ ಬರೆದಿಡಿ.